ಅನಿಮಿಷರ ಆಫೀಸು

ಸಂಜೆ ನಾಲ್ಕಾಯಿತೆಂದರೆ ನನ್ನ ಕಣ್ಣಿಗೆ ಯಾರೋ ಮರಳು ಎರಚಿದ ಹಾಗಾಗುತ್ತದೆ. ಎಕ್ಸೆಲ್‌ನಲ್ಲಿರುವ 3 ನನಗೆ 8 ಆಗಿ ಕಾಣುತ್ತದೆ. ಸಂಬಳದ ಚೀಟಿಯಲ್ಲಿ ಮಾತ್ರ ಹೀಗೆ ಯಾವತ್ತೂ ಆಗಿಲ್ಲ.

ಮೊದಲು ಸ್ಕ್ರೀನಿನ ನೀಲಿ ಬೆಳಕನ್ನು ಬೈದೆ. ಕನ್ನಡಕದ ಅಂಗಡಿಯವರು "ಬ್ಲೂ ಕಟ್ ಹಾಕಿಸಿ ಸಾರ್, ಎಲ್ಲ ಸರಿಹೋಗುತ್ತೆ" ಅಂದರು. ಹಾಕಿಸಿದೆ. ಗಾಜಿಗೆ ಹೊಳಪು ಬಂತು, ಕಣ್ಣಿಗೆ ಸುಖ ಬರಲಿಲ್ಲ. 2023ರಲ್ಲಿ ವೈದ್ಯಕೀಯ ಪ್ರಯೋಗಗಳನ್ನು ಒರೆಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಕಣ್ಣಿನ ಆಯಾಸಕ್ಕೆ ಈ ಗಾಜಿನಿಂದ ಉಪಯೋಗ ಆಗುವ ಹಾಗೆ ಕಾಣುವುದಿಲ್ಲ ಅಂದಿದ್ದಾರೆ. ನಾನು ಅದನ್ನು ಓದಿದ್ದು ದುಡ್ಡು ಕೊಟ್ಟು ಬಂದ ಮೇಲೆ.

ಕಣ್ಣಿನ ಡಾಕ್ಟರಮ್ಮ ಕೇಳಿದ್ದೇ ಬೇರೆ. "ರೆಪ್ಪೆ ಬಡೀತೀರಾ?" ಇದೆಂಥ ಪ್ರಶ್ನೆ! ಸುಮ್ನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ, ಸ್ಕ್ರೀನ್ ಮುಂದೆ 5-6ಕ್ಕೆ ಇಳಿಯುವುದುಂಟಂತೆ. ಅದೂ ಅರ್ಧಂಬರ್ಧ. ಪ್ರತಿ ಸಲ ರೆಪ್ಪೆ ಮುಚ್ಚಿದಾಗ ಕಣ್ಣೀರು ಹೊಸದಾಗಿ ಸವರಿಕೊಳ್ಳುತ್ತದೆ, ಅದರ ಮೇಲೆ ಆವಿಯಾಗದಂತೆ ಎಣ್ಣೆಯ ತೆಳು ಪದರ ಕೂರುತ್ತದೆ. ಬಡಿಯದಿದ್ದರೆ ಒಣಗುತ್ತದೆ, ಅಷ್ಟೇ.

ಸಂಸ್ಕೃತದಲ್ಲಿ ನಿಮಿಷ ಅಂದರೇ ರೆಪ್ಪೆ ಬಡಿಯುವಷ್ಟು ಹೊತ್ತು. ಬಡಿಯದ ದೇವತೆಗಳು ಅನಿಮಿಷರು. ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ವೇಷದಲ್ಲಿ ಬಂದು ಕೂತಾಗ ದಮಯಂತಿ ನಿಜವಾದ ನಳನನ್ನು ಗುರುತಿಸಿದ್ದು ಇಂಥ ಗುರುತುಗಳಿಂದಲೇ: ದೇವತೆಗಳು ಬೆವರುವುದಿಲ್ಲ, ಅವರ ಮಾಲೆ ಬಾಡುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಪಾಪ, ಅವಳು ನಮ್ಮ ಆಫೀಸಿಗೆ ಬರಬೇಕಿತ್ತು. ಯಾರೂ ರೆಪ್ಪೆ ಬಡಿಯುವುದಿಲ್ಲ. ಏಸಿ ಇರುವುದರಿಂದ ಬೆವರುವುದಿಲ್ಲ. ಕೊರಳಿನ ಐಡಿ ಟ್ಯಾಗು ಬಾಡುವುದಿಲ್ಲ. ಕುರ್ಚಿ ಎತ್ತರ ಜಾಸ್ತಿ, ನನ್ನಂಥ ಗಿಡ್ಡರ ಕಾಲು ನೆಲ ಮುಟ್ಟುವುದಿಲ್ಲ. ಮಾಲೆ ಹಿಡಿದುಕೊಂಡು ಹಾಗೇ ವಾಪಸ್ ಹೋಗುತ್ತಿದ್ದಳು.

ಏಸಿ ಅಂದೆನಲ್ಲ, ಅದರ ಗಾಳಿ ನೇರ ನನ್ನ ಮುಖಕ್ಕೇ. ಡಾಕ್ಟರಮ್ಮ ಅದಕ್ಕೂ ತಲೆಯಾಡಿಸಿದರು. ಆಮೇಲೆ ವಯಸ್ಸು ಕೇಳಿದರು. ಹೇಳಿದೆ. ನಕ್ಕರು. ನಲವತ್ತು ದಾಟಿದವರಿಗೆ ಬರುವುದಕ್ಕೇ ಅಲ್ವಾ ಚಾಳೀಸು ಅನ್ನುವುದು. ನನ್ನ ಕನ್ನಡಕದಲ್ಲಿ ಹತ್ತಿರದ್ದನ್ನು ಓದುವ ಗಾಜು ಕೆಳಗಿದೆ, ಸ್ಕ್ರೀನ್ ಇರುವುದು ಎದುರಿಗೆ, ಅದೂ ಎರಡು ಫೈಲ್ ಕಟ್ಟಿನ ಮೇಲೆ. ಹಾಗಾಗಿ ನೀರು ಕುಡಿಯುವ ಕೋಳಿಯ ಹಾಗೆ ಗದ್ದ ಎತ್ತಿ ನೋಡಬೇಕು. ಕತ್ತು ನೋವು ಬೇರೆ. ಗದ್ದ ಎತ್ತದೆ ನೋಟವನ್ನಷ್ಟೇ ಮೇಲೆತ್ತಿದರೆ ಕಣ್ಣು ಅಗಲವಾಗಿ ತೆರೆಯುತ್ತದೆ, ಇನ್ನಷ್ಟು ಬೇಗ ಒಣಗುತ್ತದೆ.

ಈಗ ಫೈಲ್ ಕಟ್ಟು ತೆಗೆದು ಮಾನಿಟರ್ ಕೆಳಗಿಳಿಸಿದ್ದೇನೆ. ಏಸಿಯ ಪಟ್ಟಿಯನ್ನೂ ಮೇಲಕ್ಕೆ ತಿರುಗಿಸಿದ್ದೆ. ಊಟ ಮಾಡಿ ಬರುವಷ್ಟರಲ್ಲಿ ಅದು ಮತ್ತೆ ನನ್ನ ಕಡೆಗೇ ಮುಖ ಮಾಡಿತ್ತು. ಪಕ್ಕದ ಸೀಟಿನವರಿಗೆ ಬೆವರುತ್ತಂತೆ. ಅವರಿನ್ನೂ ಪೂರ್ತಿ ದೇವರಾಗಿಲ್ಲ.