ಹಿಟ್ಟು ಹುಳಿ ಬಂದಿದೆ, ಮತ್ತೆ ಅಕ್ಕಿ ನೆನೆಸಿ

ನಮ್ಮ ಮನೆ ಬಾಗಿಲಿಗೆ ಈಗ ಎರಡು ಸ್ಟಿಕ್ಕರ್. ಒಂದು ಒಳಮೀಸಲಾತಿ ಸಮೀಕ್ಷೆಯದು, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವರೊಳಗೇ ಪಾಲು ಮಾಡಲು ನಡೆದ ಎಣಿಕೆಯದು. ಇನ್ನೊಂದು 2025ರ ದಸರಾ ಹೊತ್ತಿನ ಜಾತಿ ಗಣತಿಯದು, ಕರೆಂಟ್ ಮೀಟರ್ ಓದುವ ಹುಡುಗ ಅಂಟಿಸಿ ಹೋಗಿದ್ದು. ಹಬ್ಬಕ್ಕೆ ಕಟ್ಟಿದ ಮಾವಿನ ತೋರಣ ಒಣಗಿ ಉದುರಿಹೋಯಿತು, ಇವು ಮಾತ್ರ ಉಗುರು ಹಾಕಿ ಕೆರೆದರೂ ಬರುವುದಿಲ್ಲ. ಸರ್ಕಾರದ ಕೆಲಸ ಗಟ್ಟಿ ಇರಲ್ಲ ಅನ್ನುವವರು ಒಮ್ಮೆ ಬಂದು ಈ ಗೋಂದು ನೋಡಬೇಕು.

ಗಣತಿಯ ಕಥೆ ನಿಮಗೆ ಗೊತ್ತೇ ಇದೆ. 2015ರಲ್ಲಿ ಮೇಷ್ಟ್ರುಗಳು ಮನೆ ಮನೆ ಸುತ್ತಿದರು, 150 ಕೋಟಿಗೂ ಜಾಸ್ತಿ ಖರ್ಚಾಯಿತು. ಆಮೇಲೆ ಗಣತಿ ಮಾಡಿಸಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷ ಕಾಂತರಾಜ್ ಅವರ ವರದಿ ಎಲ್ಲಿ ಅಂತ ಕೇಳಿದರೆ ಬರ್ತಿದೆ, ಬರ್ತಿದೆ. ಕೊನೆಗೆ ಅದೇ ಆಯೋಗದ ನಂತರದ ಅಧ್ಯಕ್ಷ ಜಯಪ್ರಕಾಶ್ ಹೆಗ್ಡೆಯವರು ಅದನ್ನು ಸರ್ಕಾರದ ಕೈಗಿಟ್ಟದ್ದು 2024ರ ಫೆಬ್ರವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ! ವಾರ್ಷಿಕೋತ್ಸವ ಮಾಡಿ ನೆನಪಿಸೋಣ ಅಂದರೂ 2028ರವರೆಗೆ ಕಾಯಬೇಕು. ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ತೀರ್ಮಾನ ಬಂತು: ಅಂಕಿಅಂಶ ಹಳತಾಗಿದೆ, ಹತ್ತು ವರ್ಷ ಆಗಿದೆ, ಹೊಸದಾಗಿ ಗಣತಿ ಮಾಡಿ. ಹತ್ತು ವರ್ಷಕ್ಕೊಮ್ಮೆ ಹಿಂದುಳಿದ ವರ್ಗಗಳ ಪಟ್ಟಿ ಪರಿಷ್ಕರಿಸಬೇಕು ಅಂತ ಕಾನೂನೇ ಇದೆಯಲ್ಲ ಅಂದರು. ಇದೆ, ಇಲ್ಲ ಅಂದವರು ಯಾರು? ಆದರೆ ರುಬ್ಬಿದ ಹಿಟ್ಟನ್ನು ಹತ್ತು ದಿನ ಅಡುಗೆಮನೆ ಕಟ್ಟೆ ಮೇಲೆ ಬಿಟ್ಟು, ಹನ್ನೊಂದನೇ ದಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡು, "ಅಯ್ಯೋ ಹುಳಿ ಬಂದಿದೆ, ಮತ್ತೆ ಅಕ್ಕಿ ನೆನೆಸಿ" ಅನ್ನುವ ಯಜಮಾನನಿಗೆ ನಮ್ಮನೆಯಲ್ಲಾದರೆ ದೋಸೆ ಸಿಗಲ್ಲ, ಸೌಟು ಸಿಗುತ್ತದೆ. ಇಲ್ಲಿ 420 ಕೋಟಿ ಸಿಕ್ಕಿತು.

ಹಾಗೆ ಬಂದವರೇ ನಮ್ಮ ಬೀದಿಯ ಮೇಷ್ಟ್ರು. ದಸರಾ ರಜೆ, ಪಾಪ. ಬಿಸಿಲಿಗೆ ಕರ್ಚೀಫು ತಲೆ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಪವರ್ ಬ್ಯಾಂಕು. 60 ಪ್ರಶ್ನೆ. ಪಕ್ಕದ ಮನೆ ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಅಜ್ಜಿ, ಓಟಿಪಿ ಬಂತಾ?"

"ಯಾರು ಬರಬೇಕಿತ್ತಪ್ಪಾ?"

ಓಟಿಪಿ ಅವರ ಮಗನ ಮೊಬೈಲಿಗೆ ಹೋಗಿತ್ತು, ಮಗ ಮೊಬೈಲ್ ಸಮೇತ ಪೀಣ್ಯದಲ್ಲಿದ್ದ. ಆ ಗ್ಯಾಪಿನಲ್ಲಿ ಅಜ್ಜಿಯದೇ ಸಮೀಕ್ಷೆ ಶುರುವಾಯಿತು: ಯಾವೂರಪ್ಪಾ, ಎಷ್ಟು ಮಕ್ಕಳು, ಸಂಬಳ ಸರಿಯಾಗಿ ಬರುತ್ತಾ, ಊಟ ಆಯ್ತಾ? ನಾಲ್ಕೇ ಪ್ರಶ್ನೆ. ಕೊನೆಯದಕ್ಕೆ "ಇಲ್ಲಮ್ಮ" ಅಂದರು, ಐದು ನಿಮಿಷಕ್ಕೆ ತಟ್ಟೆಯಲ್ಲಿ ಚಿತ್ರಾನ್ನ ಬಂತು. ಸಂಶೋಧನೆಯನ್ನು ಕಾರ್ಯರೂಪಕ್ಕೆ ತರುವುದು ಹೇಗೆ ಅಂತ ಸ್ಟಾರ್ ಹೋಟೆಲುಗಳಲ್ಲಿ ಎರಡು ದಿನದ ವಿಚಾರ ಸಂಕಿರಣ ಮಾಡುತ್ತಾರಲ್ಲ, ಬ್ಯಾಗು, ಪೆನ್ನು, ಮಧ್ಯಾಹ್ನ ಪನೀರು ಕೊಟ್ಟು? ಒಮ್ಮೆ ಈ ಜಗಲಿ ಮೇಲೆ ಮಾಡಬಹುದು.

ಕೊಟ್ಟ ವರದಿ ಕೆಲಸವಾಗುವುದೇ ಇಲ್ಲ ಅಂತಲ್ಲ. 1972ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ಮಾಡಿದರು, 1975ರಲ್ಲಿ ವರದಿ ಬಂತು, 1977ರಲ್ಲಿ ಮೀಸಲಾತಿ ಆದೇಶ ಆಯಿತು. ಐದೇ ವರ್ಷ, ಅದೂ ಓಟಿಪಿ ಇಲ್ಲದ ಕಾಲದಲ್ಲಿ. ಆಮೇಲೆ ನಾವು ತುಂಬಾ ಮುಂದುವರಿದೆವು. ಒಳಮೀಸಲಾತಿಗೆಂದು ಮಾಡಿದ ಸದಾಶಿವ ಆಯೋಗ 2005ರಲ್ಲಿ ಶುರುವಾಗಿ 2012ರಲ್ಲಿ ವರದಿ ಕೊಟ್ಟಿತು. ಒಳಮೀಸಲಾತಿ ಕೇಳಿದವರು ಅದನ್ನು ಜಾರಿ ಮಾಡಿ ಅಂತ ವರ್ಷಗಟ್ಟಲೆ ಬೀದಿಯಲ್ಲಿ ಕೂತರು, ತಮಟೆ ಬಡಿದರು. 2024ರಲ್ಲಿ ಮತ್ತೊಂದು ಆಯೋಗ, 2025ರಲ್ಲಿ ಮತ್ತೊಂದು ಸಮೀಕ್ಷೆ. ನನ್ನ ಬಾಗಿಲಿನ ಮೊದಲ ಸ್ಟಿಕ್ಕರ್ ಅದರದೇ.

ಇದಕ್ಕೆಲ್ಲ ಹಿರಿಯಣ್ಣ, ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ ನಂಜುಂಡಪ್ಪ ವರದಿ. 2002ರದು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲೂ 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 26 ಉತ್ತರ ಕರ್ನಾಟಕದವು ಅಂತ ಬೆರಳು ಮಡಚಿ ಎಣಿಸಿ ಹೇಳಿದ ವರದಿ. ಎಂಟು ವರ್ಷ, 31,000 ಕೋಟಿ, ಎಲ್ಲಿಗೆ ಎಷ್ಟು ಅಂತ ಲೆಕ್ಕವೂ ಕೊಟ್ಟಿದ್ದರು. ನಮ್ಮವರು ಸುಮ್ನೆ ಕೂರಲಿಲ್ಲ. ತಾಲ್ಲೂಕುಗಳನ್ನೇ ಒಡೆದು 230 ದಾಟಿಸಿದರು. ಈಗ ಹಳೆ ಪಟ್ಟಿ ಹಿಡಿದು ಹೋದರೆ ಯಾವ ತಾಲ್ಲೂಕಿನ ಹಿಂದುಳಿದಿರುವಿಕೆ ಯಾರ ಪಾಲಿಗೆ ಬಂತು ಅಂತ ಅಣ್ಣತಮ್ಮಂದಿರ ಭಾಗಪತ್ರ ನೋಡಬೇಕು. 2024ರಲ್ಲಿ ಗೋವಿಂದ ರಾವ್ ಅವರ ಸಮಿತಿ ಮಾಡಿದರು. ಅಸಮತೋಲನ ಇದೆಯಾ ನೋಡಿ ಹೇಳಲಿಕ್ಕೆ! ದೊಡ್ಡ ಅರ್ಥಶಾಸ್ತ್ರಜ್ಞರು, ಅವರ ಮೇಲೆ ನನಗೇನೂ ತಕರಾರಿಲ್ಲ. ಡಾಕ್ಟರು ಒಳ್ಳೆಯವರೇ. ಚೀಟಿ ಬರೆಸಿಕೊಂಡವರು ಔಷಧಿ ಅಂಗಡಿಗೆ ಹೋಗದೆ ಇನ್ನೊಬ್ಬ ಡಾಕ್ಟರ ಹತ್ತಿರ ಚೀಟಿ ಬರೆಸಲು ಸಾಲಿನಲ್ಲಿ ನಿಂತಿದ್ದಾರೆ, ಅಷ್ಟೇ.

ತಮಾಷೆ ಸಾಕು. 2002ರಲ್ಲಿ ದೇವದುರ್ಗದ ಕಡೆ ಹುಟ್ಟಿದ ಮಗುವಿಗೆ ಈಗ ಇಪ್ಪತ್ತು ದಾಟಿದೆ. ವರದಿಯಲ್ಲಿ ಅವಳ ಶಾಲೆ ಇತ್ತು, ಆಸ್ಪತ್ರೆ ಇತ್ತು, ನೀರು ಇತ್ತು. ಅವಳು ಈಗ ಗುಳೆ ಬಂದು ನಮ್ಮ ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿಗೆ ಸಿಮೆಂಟು ಹೊರುತ್ತಾಳೆ. ತಗಡಿನ ಶೆಡ್ಡಿನಲ್ಲಿ ಮಗು ಮಲಗಿಸಿ ಬರುತ್ತಾಳೆ. ಅವಳ ಬಗ್ಗೆ ಇನ್ನೇನು ಗೊತ್ತಾಗಬೇಕು ನಿಮಗೆ? ಯಾವ ಕಾಲಂ ಖಾಲಿ ಉಳಿದಿದೆ? ಮೀಟರ್ ಇಲ್ಲದ ಆ ಶೆಡ್ಡಿಗೆ ಸ್ಟಿಕ್ಕರ್ ಕೂಡ ಅಂಟಿಲ್ಲ, ನಾನು ಹೋಗಿ ನೋಡಿ ಬಂದಿದ್ದೇನೆ.

ಮೊನ್ನೆ ಬಾಗಿಲಿಗೆ ಬಣ್ಣ ಹೊಡೆಸಿದೆವು. ಪೇಂಟರ್ ಉಜ್ಜುವ ಕಾಗದ ಹಿಡಿದು, "ಇವೆರಡನ್ನೂ ಕೆರೆದು ತೆಗೀಲಾ ಸಾರ್?" ಅಂದ. ಜನಗಣತಿ ಬೇರೆ ಬರುತ್ತಿದೆ, ಜಾತಿ ಅದರಲ್ಲೂ ಇದೆ.

"ಬೇಡಪ್ಪ, ಸುತ್ತ ಹೊಡಿ. ಪಕ್ಕದಲ್ಲಿ ಒಂದು ಅಂಗೈಯಷ್ಟು ಜಾಗ ಬಿಟ್ಟಿರು."