ಪಾಠ ಗೊತ್ತಿತ್ತು, ಕೈ ಹಿಡಿಯೋರು ಬೇಕಿತ್ತು

ತಾಯಂದಿರಿಗೆ ಅರಿವಿಲ್ಲ, ಅದಕ್ಕೇ ಎದೆಹಾಲು ಬೇಗ ಬಿಡಿಸ್ತಾರೆ ಅಂತ ಒಂದು ಲೇಖನದಲ್ಲಿ ಓದಿದೆ. ಪೂರ್ತಿ ಒಪ್ಪಲಾರೆ. ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ ಅನ್ನೋದು ನನಗೆ ಬಾಯಿಪಾಠವಾಗಿತ್ತು. ಆದರೆ ಮದ್ದೂರು ಹತ್ತಿರದ ತವರಿಗೆ ಬಾಣಂತನಕ್ಕೆ ಬಂದಾಗ ತೊಟ್ಟು ಬಿರಿದು ರಕ್ತ, ಮಗು ಒಂದೇ ಸಮ ಅಳು. "ಹಾಲು ಸಾಲ್ತಿಲ್ಲ ಕಣವ್ವ, ಹಾಲುಪುಡಿ ಡಬ್ಬಿ ತರ್ಸು" ಅಂದರು ಅಜ್ಜಿ. ಪಾಠ ಎಲ್ಲಿ ಹೋಯ್ತೋ!

ಕಾಪಾಡಿದ್ದು ಏಳನೇ ದಿನ ಮನೆಗೆ ಬಂದ ಊರಿನ ಆರೋಗ್ಯ ಕಾರ್ಯಕರ್ತೆ, ಆಶಾ ಅಕ್ಕ. ಮಗು ಬರೀ ತೊಟ್ಟು ಚೀಪ್ತಿದೆ, ಬಾಯಿ ಅಗಲ ತೆರೆದಾಗ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗ್ಬೇಕು ಅಂತ ಪಕ್ಕದಲ್ಲೇ ಕೂತು ತೋರಿಸಿದರು. ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದು, ತೂಕ ಏರ್ತಿದ್ರೆ ಹಾಲು ಸಾಲ್ತಿದೆ ಅಂತಲೇ ಲೆಕ್ಕ ಅಂದರು. ಅದನ್ನ ನನಗಲ್ಲ, ಅಜ್ಜಿಗೆ ಹೇಳಿದ್ದು! ಅವತ್ತಿಂದ ಅಜ್ಜಿಯದೇ ಕಾವಲು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 42 ದಿನದೊಳಗೆ 6 ಸಲ ಮನೆಗೆ ಬರಬೇಕು ಅನ್ನೋದು ನಿಯಮ. ಮೈಸೂರಲ್ಲಿ ಬಾಡಿಗೆ ಮನೆಯಲ್ಲಿರೋ ತಂಗಿಯ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಹೋದಾಗ ತೂಕ ಬರ್ಕೊಂಡು ಕಳಿಸಿದರಂತೆ. ಹಾಲು ಹೇಗೆ ಕುಡೀತಿದೆ ಅಂತ ಕೇಳಲೇ ಇಲ್ಲ. ಅಷ್ಟೊತ್ತಿಗೆ ಮನೇಲಿ ಎರಡನೇ ಡಬ್ಬಿ ಒಡೆದಾಗಿತ್ತು.