ಸತ್ಯಾಂಶ: ಹೊಸ ಖಾತೆ ತೆರೆದರೆ ಇಎಂಐ ತಾನಾಗಿಯೇ ಅಲ್ಲಿಗೆ ಹೋಗುತ್ತಾ?

ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಹೊಸ ಬ್ಯಾಂಕಿನಲ್ಲಿ ಆಧಾರ್ ಕೊಟ್ಟು ಖಾತೆ ತೆರೆದರೆ ಸಾಕು. ಗೃಹಲಕ್ಷ್ಮಿ, ಇಎಂಐ, ವಿಮೆ ಕಂತು ಎಲ್ಲವೂ ಅಲ್ಲಿಗೇ ಬರುತ್ತವೆ. ಹಳೆಯದನ್ನು ಇವತ್ತೇ ಮುಚ್ಚಿ.'

ಇದು ತಪ್ಪು. ನಂಬಿ ಮುಚ್ಚಿದರೆ ತೊಂದರೆ ನಿಮಗೇ.

ಬರುವ ಹಣದ ದಾರಿ ಬೇರೆ, ಹೋಗುವ ಹಣದ ದಾರಿ ಬೇರೆ. ಗೃಹಲಕ್ಷ್ಮಿಯ ₹2,000 ಆಧಾರ್ ನೋಡಿಕೊಂಡು ಬರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಯಾವುದು ಎಂಬ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ ಎನ್‌ಪಿಸಿಐ ಬಳಿ ಇರುತ್ತದೆ. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಆ ಪಟ್ಟಿ ಬದಲಾಗುವುದಿಲ್ಲ. ಸಬ್ಸಿಡಿ ಈ ಖಾತೆಗೇ ಬರಲಿ ಎಂದು ಬ್ಯಾಂಕಿಗೆ ಒಪ್ಪಿಗೆ ಬರೆದುಕೊಡಬೇಕು. ಆಗಿದೆಯಾ ಇಲ್ಲವಾ ಎಂದು ಮೈಆಧಾರ್ ತಾಣದಲ್ಲಿ ನೀವೇ ನೋಡಬಹುದು.

ಇಎಂಐ ಹಾಗಲ್ಲ. ಅದು ಖಾತೆ ಸಂಖ್ಯೆಗೆ ಕಟ್ಟಿದ್ದು. ಉದಾಹರಣೆಗೆ, ಮಂಡಿಪೇಟೆಯ ಅಂಗಡಿಯವರು ಸಾಲಕ್ಕೆ ಸಹಿ ಹಾಕಿದಾಗ ಕೊಟ್ಟ ಮ್ಯಾಂಡೇಟ್ (ಖಾತೆಯಿಂದ ಕಂತು ಕಡಿತ ಮಾಡಲು ಕೊಟ್ಟ ಒಪ್ಪಿಗೆ) ಹಳೆಯ ಖಾತೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಖಾತೆಯೇ ಇಲ್ಲದಿದ್ದರೆ ಕಂತು ಬೌನ್ಸ್, ಮೇಲೆ ದಂಡ, ಸಿಬಿಲ್ ಸ್ಕೋರಿಗೂ ಪೆಟ್ಟು. ಸಾಲ ಕೊಟ್ಟವರಿಗೆ, ವಿಮಾ ಕಂಪನಿಗೆ ಹೊಸ ಮ್ಯಾಂಡೇಟ್ ಕೊಡಲೇಬೇಕು. ಯುಪಿಐ ಆಟೋಪೇ ಇದ್ದರೆ ಆ್ಯಪ್‌ನಲ್ಲಿ ಹಳೆಯದನ್ನು ರದ್ದು ಮಾಡಿ ಹೊಸದಾಗಿ ಹಾಕಿ. ಸುಮ್ನೆ ಐದು ನಿಮಿಷದ ಕೆಲಸ.

ನನ್ನ ಕೇಳಿದರೆ, ಹಳೆಯ ಪಾಸ್‌ಬುಕ್ಕಿನ ಒಂದು ವರ್ಷದ ಎಂಟ್ರಿ ನೋಡಿ. ವರ್ಷಕ್ಕೊಮ್ಮೆ ಕಡಿತವಾಗುವ ಪ್ರೀಮಿಯಂ ಮರೆತುಹೋಗುವುದೇ ಜಾಸ್ತಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾದ ₹20 ಹಾಗೇ ಅಲ್ವಾ? ಎಲ್ಲ ಕಂತೂ ಹೊಸ ಖಾತೆಯಿಂದ ಒಮ್ಮೆ ಹೋದ ಮೇಲೆ ಹಳೆಯದನ್ನು ಮುಚ್ಚಿ.